ಮಂಗಳೂರಿನ ಹಂದಿ ಸಾಕಣೆದಾರರಿಗೆ: ಸತ್ತ ಹಂದಿಯನ್ನು ಕೊಯ್ಯಬೇಡಿ

ಸದಸ್ಯರ ಗಮನಕ್ಕೆ. ಜ್ವರ ಬಂದು, ಕಿವಿ ಮತ್ತು ಹೊಟ್ಟೆಯ ಚರ್ಮ ನೇರಳೆಗಟ್ಟಿ ಹಂದಿ ಸತ್ತರೆ ಅದು ಆಫ್ರಿಕನ್ ಹಂದಿ ಜ್ವರವೋ ಕ್ಲಾಸಿಕಲ್ ಹಂದಿ ಜ್ವರವೋ ಎಂದು ಕಣ್ಣಳತೆಯಲ್ಲಿ ಹೇಳಲಾಗದು. ಗುಂಪಿಗೆ ಫೋಟೊ ಹಾಕಿದರೂ ಅಷ್ಟೇ! ಪ್ರಯೋಗಾಲಯದ ಪರೀಕ್ಷೆಯೇ ಬೇಕು. ಕ್ಲಾಸಿಕಲ್ ಜ್ವರಕ್ಕೆ ಲಸಿಕೆ ಇದೆ, ಇನ್ನೊಂದಕ್ಕೆ ನಮ್ಮಲ್ಲಿ ಇಲ್ಲ. ಕೊಯ್ದರೆ ಚೆಲ್ಲುವ ರಕ್ತದಿಂದಲೇ ವೈರಾಣು ಹಬ್ಬುತ್ತದೆ. ಪಶುವೈದ್ಯರು ಬರುವವರೆಗೆ ಮುಟ್ಟಬೇಡಿ.

ರೋಗದ ಮೂಲ ಹುಡುಕುವಾಗ ಪಶುವೈದ್ಯರು ಹಿಂದಿನ ಮೂರು ವಾರಗಳ ಲೆಕ್ಕ ಕೇಳುತ್ತಾರೆ: ಹೊಸ ಮರಿ ಎಲ್ಲಿಂದ ಬಂತು, ಗಂಡುಹಂದಿಯನ್ನು ಎರವಲು ತಂದಿರಾ, ಯಾರೆಲ್ಲ ಗೂಡಿಗೆ ಬಂದರು, ಮುಸುರೆ ಯಾವ ಹೋಟೆಲಿನದು. ಸಂಕೋಚಪಡದೆ ಹೇಳಿ. ಬಾಫತ್ (ಹಂದಿಮಾಂಸದ ಮಸಾಲೆ ಪದಾರ್ಥ) ಮಾಡುವ ಅಡುಗೆಮನೆಯ ಬಕೆಟಿನಲ್ಲಿ ಹಸಿ ಹಂದಿಮಾಂಸದ ಚೂರು ಬಂದರೆ ರೋಗಕ್ಕೆ ಅಷ್ಟೇ ದಾರಿ ಸಾಕು. ಮುಸುರೆಯನ್ನು ಕಲಕುತ್ತಾ ಒಂದು ಗಂಟೆ ಕುದಿಸದೆ ಹಾಕಬೇಡಿ. ಈ ಎರಡೂ ಜ್ವರ ಮನುಷ್ಯರಿಗೆ ತಗಲುವುದಿಲ್ಲ, ಸುಳ್ಳು ಸಂದೇಶಗಳನ್ನು ಹಂಚಬೇಡಿ.