ಸಿಗರೇಟು ಬಿಡಿಸಿದ ಮಾತ್ರೆ

ಮಾನ್ಯರೇ,

ಇಪ್ಪತ್ತು ವರ್ಷ ಸೇದಿದವನು ನಾನು. ಪ್ರತಿ ಯುಗಾದಿಗೂ ಬಿಡ್ತೀನಿ ಅಂತ ಆಣೆ ಹಾಕಿ, ಮಾರನೇ ದಿನ ಜಯನಗರದ ಟೀ ಅಂಗಡಿ ಮುಂದೆ ನಿಂತಿರುತ್ತಿದ್ದೆ. ಕೊನೆಗೆ ಡಾಕ್ಟರು ಸಿಗರೇಟು ಬಿಡಿಸುವ ವರೆನಿಕ್ಲಿನ್ ಅನ್ನೋ ಮಾತ್ರೆ ಬರೆದುಕೊಟ್ಟರು. ಮಜಾ ಏನಂದ್ರೆ ಮೊದಲ ವಾರ ಸೇದುತ್ತಲೇ ಮಾತ್ರೆ ತಗೋಬಹುದು, ಅರ್ಧ ಮಿಲಿಗ್ರಾಂನಿಂದ ಶುರು, ಎಂಟನೇ ದಿನದಿಂದ ಹೊತ್ತಿಗೊಂದರಂತೆ ದಿನಕ್ಕೆರಡು ಸಲ 1 ಮಿಲಿಗ್ರಾಂ, ಒಟ್ಟು 12 ವಾರ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ. ರಾತ್ರಿ ಚಿತ್ರವಿಚಿತ್ರ ಕನಸು ಬೇರೆ. ಆದರೆ ಹತ್ತನೇ ದಿನ ತಡೆಯಲಾರದೆ ಹಚ್ಚಿದ ಸಿಗರೇಟು ಸಪ್ಪೆ ಅನಿಸಿ ಅರ್ಧಕ್ಕೇ ಎಸೆದೆ!

ಸಿಗರೇಟು ಪ್ಯಾಕಿನ ಮೇಲೆ 1800-11-2356 ಅಂತ, ಬಿಡಬೇಕೆನ್ನೋರಿಗೆ ಉಚಿತ ಸಹಾಯವಾಣಿ ನಂಬರ್ ಇರುತ್ತದೆ. ಬಿಡಿಯಾಗಿ ಕೊಳ್ಳೋರೇ ಜಾಸ್ತಿ ಅಲ್ವಾ, ಪ್ಯಾಕು ನೋಡೋರ್ಯಾರು? ಆ ನಂಬರನ್ನು ಬಸ್ ಸ್ಟಾಪುಗಳಲ್ಲಿ ದೊಡ್ಡದಾಗಿ ಬರೆಸಲಿ.

– ಒಬ್ಬ ಓದುಗ, ಬೆಂಗಳೂರು