ಮುಚ್ಚೋದಾದ್ರೆ ನಾಳೆ ಮುಚ್ಚು

ಟೊಮೆಟೊಗೆ ಔಷಧಿ ಯಾವಾಗ ಹೊಡೆಯಬೇಕು, ಯಾವಾಗ ಬೇಡ ಅಂತ ರೈತರಿಗೆ ತಿಳಿಸುವ ನಮ್ಮ ಫೋನ್ ಸೇವೆಯ ಖರ್ಚನ್ನು ಈ ಹಂಗಾಮಿನಿಂದ ರೈತರೇ ಸೇರಿ ಕಟ್ಟಿಕೊಂಡ ಉತ್ಪಾದಕ ಕಂಪನಿಯೇ ಹೊರುತ್ತಿದೆ. ಹೊರಗಿನ ಅನುದಾನ ಇಲ್ಲ, ಹೂಡಿಕೆದಾರರ ಹಣವೂ ಇಲ್ಲ. ಟೊಮೆಟೊ ಬೆಳೆಯುವವರು ಮಂಡಿಯಲ್ಲಿ ಬಂದ ದುಡ್ಡಿನಲ್ಲೇ ಒಂದಿಷ್ಟು ತೆಗೆದಿಟ್ಟು ಕೊಡುತ್ತಿದ್ದಾರೆ. ಕಳೆದ ವಾರ ಮೊದಲ ಕಂತು ಬಂತು. ಬಂದ ತಕ್ಷಣ ಹಳೇ ಸಂಬಳದ ಬಾಕಿ ತೀರಿಸಿದೆವು. ಅದಕ್ಕೇ ಇವತ್ತು ಧೈರ್ಯವಾಗಿ ಥ್ಯಾಂಕ್ಸ್ ಹೇಳಲು ಕೂತಿದ್ದೇನೆ. ಬಾಕಿ ಇಟ್ಟುಕೊಂಡು ಥ್ಯಾಂಕ್ಸ್ ಹೇಳೋಕೆ ಮುಜುಗರ ಅಲ್ವಾ?

 

ಸಂಬಳವಿಲ್ಲದೆ ಕೋಡ್ ಬರೆದ ಗೆಳೆಯರಿಗೆ, ಸೆನ್ಸರ್ ಕಂಬ ನೆಡಲು ತೋಟದಲ್ಲಿ ಜಾಗ ಕೊಟ್ಟ ಕೋಲಾರ ಜಿಲ್ಲೆಯ ಮಾಲೂರು, ಶ್ರೀನಿವಾಸಪುರ, ಮುಳಬಾಗಿಲು ಕಡೆಯ ರೈತರಿಗೆ, ರಾತ್ರಿ ಹತ್ತಕ್ಕೆ ಎಲೆಯ ಫೋಟೊ ಕಳಿಸಿದರೂ ಬೇಸರ ಮಾಡಿಕೊಳ್ಳದೆ ರೋಗ ಯಾವುದೆಂದು ಹೇಳಿದ ವಿಜ್ಞಾನಿಗಳಿಗೆ, ಬಾಡಿಗೆ ಕೇಳಲು ಬಂದು ಕಾಫಿ ಕುಡಿದು ಹೋಗುತ್ತಿದ್ದ ಆಫೀಸಿನ ಓನರ್‌ಗೆ, ಮತ್ತೆ ಅಮ್ಮನಿಗೆ, ಥ್ಯಾಂಕ್ಸ್. ಎಲ್ಲರನ್ನೂ ಒಂದೇ ಸಾಲಲ್ಲಿ ಮುಗಿಸಿದ ಅಂತ ಬೈಕೋಬೇಡಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರಿಗೂ ಒಂದು ನಮಸ್ಕಾರ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅವರಿಟ್ಟಿರುವ ಮಳೆ ಮಾಪಕಗಳು 15 ನಿಮಿಷಕ್ಕೊಮ್ಮೆ ಕಳಿಸುವ ಲೆಕ್ಕ ಇಲ್ಲದಿದ್ದರೆ ನಮ್ಮ ನಾಲ್ಕು ಕಂಬ ಇಟ್ಟುಕೊಂಡು ಏನೂ ಮಾಡಲು ಆಗುತ್ತಿರಲಿಲ್ಲ.

ಇನ್ನು ಅಕ್ಕ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ. ಆದರೆ ನಮ್ಮ ಫೋನ್ ಎತ್ತಿದವರಿಗೆಲ್ಲ ಅವರ ಧ್ವನಿ ಗೊತ್ತು.

ನಮ್ಮ ಕೆಲಸ ಹೇಳಲು ಸುಲಭ. ತಂಪು ಹವೆ, ರಾತ್ರಿಯೆಲ್ಲ ಒದ್ದೆಯಾಗೇ ಇರುವ ಎಲೆ, ಈ ಎರಡೂ ಕೂಡಿದರೆ ಟೊಮೆಟೊಗೆ ಅಂಗಮಾರಿ ರೋಗ ಬರುತ್ತದೆ. ಚುಕ್ಕೆ ಕಂಡ ಮೇಲೆ ಔಷಧಿ ಹೊಡೆದರೆ ಪ್ರಯೋಜನ ಅಷ್ಟಕ್ಕಷ್ಟೇ. ಹಾಗಂತ ವಾರ ವಾರ ಸುಮ್ನೆ ಹೊಡೆಯುತ್ತಾ ಹೋದರೆ ದುಡ್ಡು ದಂಡ. ಎಲೆ ಎಷ್ಟು ಹೊತ್ತು ಒದ್ದೆ ಇತ್ತು ಅಂತ ಸೆನ್ಸರ್ ಅಳೆಯುತ್ತದೆ, ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಹೊಡೆಯಬೇಕೋ ಬೇಡವೋ ಅಂತ ನಾವು ಫೋನ್ ಮಾಡಿ ತಿಳಿಸುತ್ತೇವೆ. ಹೊಡೀರಿ ಅಂದರೆ ಯಾರು ಬೇಕಾದರೂ ಕೇಳುತ್ತಾರೆ. ‘ಈ ವಾರ ಬೇಡ’ ಅಂದಾಗ ನಂಬುವುದು ಕಷ್ಟ. ಕಡ್ಡಿ, ದಾರ, ಡ್ರಿಪ್ಪು, ಗೊಬ್ಬರ ಅಂತ ಎಕರೆಗೆ ಲಕ್ಷಗಟ್ಟಲೆ ಸುರಿದಿರುತ್ತಾರೆ. ಔಷಧಿ ಅಂಗಡಿಯವನು ಹೊಡಿ ಅನ್ನುತ್ತಾನೆ. ಪಕ್ಕದ ತೋಟದವನು ಆಗಲೇ ಹೊಡೆಯುತ್ತಿರುತ್ತಾನೆ. ಅಂಥ ಹೊತ್ತಲ್ಲಿ ಕೈ ಕಟ್ಟಿ ಕೂರು ಅಂತ ಮೆಷಿನ್ ಧ್ವನಿ ಹೇಳಿದರೆ ಯಾರು ಕೇಳುತ್ತಾರೆ? ಸಾಲ ಬೇಕಾ ಅಂತ ಕೇಳುವ ಫೋನ್ ಅಂದುಕೊಂಡು ಕಟ್ ಮಾಡುತ್ತಿದ್ದರು.

ಅದನ್ನೇ ಅಕ್ಕನ ಧ್ವನಿಯಲ್ಲಿ ರೆಕಾರ್ಡ್ ಮಾಡಿ ಕಳಿಸಿದರೆ ಕೇಳಿದರು. ಅವರದೂ ಎರಡು ಎಕರೆ ಒಳಗಿನ ಬೇಸಾಯ, ರಾಗಿ ಮತ್ತು ಒಂದಿಷ್ಟು ಟೊಮೆಟೊ. ಮಾಲೂರು ಕಡೆಯವರಿಗೆ ಕನ್ನಡದಲ್ಲಿ, ಮುಳಬಾಗಿಲು ಕಡೆಯವರಿಗೆ ತೆಲುಗಿನಲ್ಲಿ ಮಾತಾಡುತ್ತಾರೆ. ನಾವು ಬರೆದುಕೊಟ್ಟಿದ್ದನ್ನು ಓದಿ ಮುಗಿಸಿ, ಕೊನೆಗೆ ತಮ್ಮದೇ ಒಂದು ಮಾತು ಸೇರಿಸುತ್ತಾರೆ. ‘ಹೊಟ್ಟೆಗೆ ಏನಾದ್ರೂ ತಿಂದು ಔಷಧಿ ಹೊಡೀರಿ, ಬಾಯಿಗೆ ಬಟ್ಟೆ ಕಟ್ಕೊಳ್ಳಿ.’ ಕರೆ ಉದ್ದವಾದರೆ ಖರ್ಚು ಜಾಸ್ತಿ, ಅದನ್ನು ಕತ್ತರಿಸೋಣ ಅಂತ ನಮ್ಮ ಹುಡುಗರು ಹೇಳಿದ್ದರು. ಅಕ್ಕ ಒಪ್ಪಲಿಲ್ಲ. ಆ ಮಾತು ಇವತ್ತಿಗೂ ಹೋಗುತ್ತಿದೆ.

2021ರ ನವೆಂಬರ್ ಮಳೆ ಕೋಲಾರ, ಚಿಕ್ಕಬಳ್ಳಾಪುರದವರಿಗೆ ಮರೆಯುವಂಥದ್ದಲ್ಲ. ಮಳೆಯೇ ಕಾಣದೆ ಸಾವಿರ ಅಡಿ ಬೋರ್ ಕೊರೆಸುವ ನಮ್ಮ ಸೀಮೆಯಲ್ಲಿ ಕೆರೆಗಳು ಕೋಡಿ ಬಿದ್ದಿದ್ದವು. ಟೊಮೆಟೊ ಸಾಲುಗಳಲ್ಲಿ ನೀರು ನಿಂತಿತ್ತು. ನಮಗೆ ಹಣ ಕೊಡುತ್ತೇವೆ ಅಂದಿದ್ದ ಸಂಸ್ಥೆ ಅದೇ ವಾರ ಕೈ ಎತ್ತಿತು. ಬಿಲ್ ಕಟ್ಟಿಲ್ಲ ಅಂತ ಕರೆ ಕಳಿಸುವ ಕಂಪನಿ ಲೈನ್ ನಿಲ್ಲಿಸಿತು. ಸೇವೆ ಯಾವಾಗ ಜಾಸ್ತಿ ಬೇಕೋ ಆಗಲೇ ನಮ್ಮ ಬಾಯಿ ಬಂದ್. ಆಫೀಸಿನಲ್ಲಿ ಕರೆಂಟೂ ಇರಲಿಲ್ಲ. ಎಲ್ಲ ಕಟ್ಟಿಟ್ಟು ಬೆಂಗಳೂರಿಗೆ ಹೋಗಿ ಕೆಲಸ ಹುಡುಕೋಣ ಅಂತ ಕೂತಿದ್ದೆ.

ಸಂಜೆ ಅಕ್ಕ ಬಂದರು. ಗೊಬ್ಬರದ ಚೀಲ ಕೊಪ್ಪೆ ಹಾಕಿಕೊಂಡು, ಸೀರೆ ಮೊಣಕಾಲವರೆಗೂ ಕೆಸರು. ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಒಂದು ನೋಟ್‌ಬುಕ್ಕು. ತಿರುಗಿ ಫೋನ್ ಮಾಡಿ ಮಾತಾಡಿಸಿದ್ದ ರೈತರ ನಂಬರು, ಯಾರ ಗಿಡ ಹೂವಲ್ಲಿದೆ, ಯಾರದು ಕಾಯಿ, ಎಲ್ಲ ಅವರೇ ಬರೆದಿಟ್ಟಿದ್ದರು. ಅದು ನಮ್ಮ ಯಾವ ಸಾಫ್ಟ್‌ವೇರಿನಲ್ಲೂ ಇರಲಿಲ್ಲ. ಮೇಣದಬತ್ತಿ ಹಚ್ಚಿ, ಸ್ವಂತ ಮೊಬೈಲಿನಿಂದ ಒಬ್ಬೊಬ್ಬರಿಗೇ ಫೋನ್ ಮಾಡತೊಡಗಿದರು. ಸಾಲಿನ ನೀರು ಹೊರಕ್ಕೆ ಹೋಗುವ ಹಾಗೆ ಕಾಲುವೆ ತೆಗೀರಿ. ಮಳೆ ನಿಲ್ಲೋವರೆಗೂ ಔಷಧಿ ಮುಟ್ಟಬೇಡಿ, ತೊಳೆದುಕೊಂಡು ಹೋಗುತ್ತೆ. ಬಣ್ಣ ತಿರುಗಿದ ಕಾಯಿ ಈಗಲೇ ಕಿತ್ತುಬಿಡಿ, ಗಿಡದಲ್ಲಿ ಬಿಟ್ಟರೆ ಸೀಳುತ್ತೆ. ಇಷ್ಟೇ. ಮತ್ತೆ ಮತ್ತೆ.

ನಡುರಾತ್ರಿ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ಇದೆಲ್ಲ ಯಾಕೆ ಅಕ್ಕ, ಮುಚ್ಚಿಬಿಡ್ತೀನಿ ಅಂದೆ. ಮಗುವಿನ ಹಾಗೆ ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ. ಫೋನಿನ ಮೇಲೆ ಕೈ ಮುಚ್ಚಿ, ‘ಮುಚ್ಚೋದಾದ್ರೆ ನಾಳೆ ಮುಚ್ಚು ಕಣಪ್ಪ. ಮುಳಬಾಗಿಲು ಕಡೆಯೋರು ಇನ್ನೂ ಬಾಕಿ ಅವ್ರೆ’ ಅಂದರು. ನಿಜ ಹೇಳಬೇಕೆಂದರೆ ಆಗ ಸಿಟ್ಟು ಬಂತು. ನನ್ನ ಬದುಕೇ ಮುಳುಗುತ್ತಿದೆ, ಇವರಿಗೆ ಮುಳಬಾಗಿಲು ಚಿಂತೆ! ಸ್ವಲ್ಪ ಹೊತ್ತಾದ ಮೇಲೆ ಕಣ್ಣೊರೆಸಿಕೊಂಡು ನೋಟ್‌ಬುಕ್ಕಿನ ಆಚೆ ಪುಟದ ನಂಬರುಗಳಿಗೆ ನಾನೂ ಫೋನ್ ಹಚ್ಚಿದೆ. ಬೆಳಗಾಗುವ ಹೊತ್ತಿಗೆ ಅವರ ಗಂಟಲು ಕಟ್ಟಿತ್ತು.

ಆಮೇಲೆ ಅವರ ಮಗನಿಂದ ಗೊತ್ತಾಯಿತು. ಅಕ್ಕನ ರಾಗಿ ಕೊಯ್ದು ಹೊಲದಲ್ಲೇ ಬಿದ್ದಿತ್ತು. ತೆನೆಯಲ್ಲೇ ಮೊಳಕೆ ಒಡೆಯಿತು. ಆ ರಾತ್ರಿ ಮನೆಯಲ್ಲಿ ಇದ್ದಿದ್ದರೆ ಒಂದಿಷ್ಟನ್ನಾದರೂ ಒಳಗೆ ಹಾಕಬಹುದಿತ್ತು. ನಮ್ಮ ಹತ್ತಿರ ಒಂದು ಮಾತೂ ಆಡಿರಲಿಲ್ಲ. ಇದನ್ನು ಬರೆಯಬೇಡ ಅಂತಲೂ ಹೇಳಿದ್ದಾರೆ. ಬರೆದಿದ್ದೇನೆ. ಬೈಯಲಿ.

ಆ ರಾತ್ರಿಯ ಫೋನುಗಳಿಂದ ಎಷ್ಟು ಬೆಳೆ ಉಳಿಯಿತು ಅಂತ ಕೇಳಿದರೆ ನನ್ನಲ್ಲಿ ಲೆಕ್ಕವಿಲ್ಲ. ಬಹಳಷ್ಟು ಕೊಳೆತೇ ಹೋಯಿತು. ಆದರೆ ಈ ವರ್ಷ ಖರ್ಚು ಹೊರುವ ಮಾತು ಬಂದಾಗ ಸಭೆಯಲ್ಲಿ ಮೊದಲು ಎದ್ದು ನಿಂತವರು ಅವತ್ತು ಫೋನ್ ಹೋಗಿದ್ದ ಮುಳಬಾಗಿಲು ಕಡೆಯವರು. ಆ್ಯಪಿನ ಬಗ್ಗೆ ಅವರು ಏನೂ ಹೇಳಲಿಲ್ಲ. ಬಹಳ ಜನರ ಹತ್ತಿರ ಇರುವುದು ಬಟನ್ ಫೋನೇ. ‘ಅಕ್ಕನ ಫೋನ್ ನಿಲ್ಲಬಾರದು’ ಅಂದರು, ಅಷ್ಟೇ.

2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ 15 ಕೆ.ಜಿ. ಬಾಕ್ಸ್ 2000 ರೂಪಾಯಿ ದಾಟಿದಾಗ ನಮ್ಮ ಆಫೀಸಿಗೂ ಕ್ಯಾಮೆರಾ ಬಂದಿತ್ತು. ರೈತರೆಲ್ಲ ಲಕ್ಷಾಧಿಪತಿಗಳಂತೆ ಅಂತ ಕೇಳಿದರು. ವೈರಸ್ ಬಂದು ಎಲೆ ಮುದುರಿ, ಆ ಹೊತ್ತಲ್ಲಿ ಮಾರಲು ಹಣ್ಣಿದ್ದವರೇ ಕಡಿಮೆ ಅಂದೆ. ಅದು ಬರಲಿಲ್ಲ, ನನ್ನ ಫೋಟೊ ಬಂತು. ಅಕ್ಕ ಕ್ಯಾಮೆರಾ ಕಂಡವರೇ ಹಿತ್ತಲಿಗೆ ಹೋಗಿದ್ದರು. ಆ ಫೋಟೊ ನೋಡಿದಾಗೆಲ್ಲ ನನಗೆ ಸಂಕೋಚವಾಗುತ್ತದೆ. ಈ ಬರಹಕ್ಕೆ ಅದೂ ಒಂದು ಕಾರಣ.

ಅಕ್ಕನಿಗೆ ಈಗ ತಿಂಗಳ ಸಂಬಳ ಇದೆ, ನನ್ನಷ್ಟೇ. ಹಳೇ ಬಾಕಿಯಲ್ಲಿ ಅವರದನ್ನೇ ಮೊದಲು ಕೊಟ್ಟಿದ್ದು. ಎಣಿಸಿ ತಗೊಂಡರು.

ಮುಂದಿನ ಭಾನುವಾರ ಮಧ್ಯಾಹ್ನ ಆಫೀಸಿನಲ್ಲಿ ಎಲ್ಲರಿಗೂ ಊಟ. ಮುದ್ದೆ, ಕೋಳಿ ಸಾರು; ತಿನ್ನದವರಿಗೆ ಸೊಪ್ಪಿನ ಸಾರು. ಬರುವವರು ಶುಕ್ರವಾರದೊಳಗೆ ಅಕ್ಕನಿಗೆ ಫೋನ್ ಮಾಡಿ ಹೇಳಿ, ಅಡುಗೆಯ ಲೆಕ್ಕ ಅವರ ಹತ್ತಿರ ಇದೆ. ಬೆಳಗ್ಗೆ ಏಳರ ಒಳಗೆ ಮಾತ್ರ ಮಾಡಬೇಡಿ. ಆಗ ರೆಕಾರ್ಡಿಂಗ್ ನಡೆಯುತ್ತಿರುತ್ತದೆ.