ಪಬ್ ಶೋಗಳಲ್ಲಿ ಇನ್ಮುಂದೆ ಏನು ಬದಲಾಗುತ್ತೆ: ನಮ್ಮನ್ನ ಕರೆಸೋರಿಗೆ, ಕೇಳೋರಿಗೆ ಒಂದು ಪತ್ರ

ಎಲ್ರಿಗೂ ನಮಸ್ಕಾರ,

ನಮ್ಮ ಬ್ಯಾಂಡನ್ನ ಕರೆಸೋ ಪಬ್ ಓನರ್‌ಗಳು, ಮ್ಯಾನೇಜರ್‌ಗಳು, ರಿಸೆಪ್ಶನ್‌ಗೆ ಬುಕ್ ಮಾಡೋ ಮನೆಯವರು, ಆಮೇಲೆ ಸ್ಟೇಜ್ ಪಕ್ಕದ ಟೇಬಲ್ಲೇ ಬೇಕು ಅಂತ ಮೊದಲೇ ಫೋನ್ ಮಾಡಿ ಹಿಡಿದಿಟ್ಕೊಳ್ಳೋ ನೀವೆಲ್ಲ, ಎಲ್ರಿಗೂ ಸೇರಿಸಿ ಒಂದೇ ಪತ್ರ ಬರೀತಿದೀವಿ. ವಿಷಯ ಇಷ್ಟು: ಮುಂದಿನ ತಿಂಗಳ ಒಂದನೇ ತಾರೀಖಿಂದ ಬೆಂಗಳೂರಿನ ಪಬ್, ಬಾರ್, ನೈಟ್ ಕ್ಲಬ್ ಶೋಗಳಲ್ಲಿ ನಾವು ಹಳೇ ಗಾಸ್ಪೆಲ್ (ಅಮೆರಿಕದ ಕಪ್ಪು ಜನರ ಚರ್ಚ್ ಸಂಗೀತ) ಪ್ರಾರ್ಥನೆ ಹಾಡುಗಳನ್ನ ಹಾಡಲ್ಲ. ಸ್ಟೈಲ್ ಎಲ್ಲೂ ಹೋಗಲ್ಲ, ಆರ್ಗನ್ ಇರುತ್ತೆ, ಚಪ್ಪಾಳೆ ಇರುತ್ತೆ, ಸೋಲ್ ಮ್ಯೂಸಿಕ್ ಇರುತ್ತೆ, ನಮ್ಮದೇ ಹಾಡುಗಳಿರುತ್ತೆ, ಒಬ್ರು ಒಂದು ಸಾಲು ಎತ್ಕೊಂಡ್ರೆ ಮಿಕ್ಕೋರು ತಿರುಗಿ ಹೇಳೋದು ನಮ್ಮೂರ ಭಜನೇಲಿ ಇರೋ ಹಂಗೇ ಇರುತ್ತೆ. ಪ್ರಾರ್ಥನೆ ಹಾಡುಗಳಿಗೆ ಮಾತ್ರ ತಿಂಗಳಿಗೊಂದು ಭಾನುವಾರ ಸಂಜೆ ಒಂದು ಚಿಕ್ಕ ಹಾಲಲ್ಲಿ ಬೇರೆ ಶೋ ಮಾಡ್ತೀವಿ.

ಚರ್ಚಿನೋರು ಏನಾದ್ರೂ ಅಂದ್ರಾ ಅಂತ ಒಬ್ರು ಮ್ಯಾನೇಜರ್ ಆಗ್ಲೇ ಕೇಳಿದ್ರು. ಯಾರೂ ಏನೂ ಅಂದಿಲ್ಲ. ನಮ್ಮಲ್ಲಿ ಇಬ್ರು ಭಾನುವಾರ ಬೆಳಿಗ್ಗೆ ಕನ್ನಡ ಆರಾಧನೇಲಿ ಕ್ವಾಯರ್ ಹಾಡ್ತಾರೆ, ಅದೇ ಸಭೆಯವರು ಎಷ್ಟೋ ಜನ ಶನಿವಾರ ರಾತ್ರಿ ನಮ್ಮ ಶೋಗೂ ಬಂದು ಕೂತು ಕೇಳ್ತಾರೆ. ಕುಡಿಯೋ ಜಾಗ ಕೀಳು ಅಂತ ನಾವು ಯಾವತ್ತೂ ಅಂದ್ಕೊಂಡಿಲ್ಲ, ನಮ್ಮ ಮನೆ ಬಾಡಿಗೆ, ಮಕ್ಕಳ ಸ್ಕೂಲ್ ಫೀಸು ನಡೀತಿರೋದೇ ಪಬ್ ದುಡ್ಡಲ್ಲಿ, ಆ ಋಣ ದೊಡ್ಡದು.

ಮತ್ತೆ ಈ ಸಂಗೀತ ಬೆಳೆದಿರೋದೇ ಬಾರಿಗೂ ಚರ್ಚಿಗೂ ಓಡಾಡ್ಕೊಂಡು. ಗಾಸ್ಪೆಲ್ಲಿನ ಪಿತಾಮಹ ಅಂತ ಕರೆಸ್ಕೊಳ್ಳೋ ಥಾಮಸ್ ಡಾರ್ಸಿ ಅವರು ಮೊದಲು ಜಾರ್ಜಿಯಾ ಟಾಮ್ ಅನ್ನೋ ಹೆಸರಲ್ಲಿ ಬಾರುಗಳಲ್ಲಿ ನಡೀತಿದ್ದ ಬ್ಲೂಸ್ ಸಂಗೀತ ಮಾಡ್ತಿದ್ದೋರು, ಬ್ಲೂಸ್ ಹಾಡುಗಾರ್ತಿ ಮಾ ರೇನಿ ಜೊತೆ ಪಿಯಾನೋ ನುಡಿಸಿದೋರು. ಗಾಸ್ಪೆಲ್ ಹಾಡುಗಾರ್ತಿ ಸಿಸ್ಟರ್ ರೊಸೆಟ್ಟಾ ಥಾರ್ಪ್ 1938ರಲ್ಲೇ ಗಿಟಾರ್ ಹಾಕ್ಕೊಂಡು ನ್ಯೂಯಾರ್ಕಿನ ಕಾಟನ್ ಕ್ಲಬ್ ಅನ್ನೋ ನೈಟ್ ಕ್ಲಬ್ಬಲ್ಲಿ ಹಾಡಿದ್ರು, ಚರ್ಚಿನ ಜನ ಸಿಟ್ಟಾದ್ರೂ ಅವರು ಎರಡೂ ಕಡೆ ಹಾಡೋದು ಬಿಡ್ಲಿಲ್ಲ. ಇನ್ನೊಬ್ಬ ಗಾಸ್ಪೆಲ್ ಹಾಡುಗಾರ್ತಿ ಮಹಾಲಿಯಾ ಜಾಕ್ಸನ್ ಅವರದ್ದು ಇದಕ್ಕೆ ಪೂರ್ತಿ ಉಲ್ಟಾ, ಎಷ್ಟು ದುಡ್ಡು ಕೊಡ್ತೀವಿ ಅಂದ್ರೂ ನೈಟ್ ಕ್ಲಬ್ಬಲ್ಲಿ ಹಾಡಲ್ಲ ಅಂದ್ಬಿಟ್ರು. ನಮಗೆ ಇಬ್ರ ಮೇಲೂ ಅಷ್ಟೇ ಗೌರವ, ಅದಕ್ಕೇ ಇಷ್ಟು ದಿನ ಯಾವ ಕಡೆ ನಿಲ್ಲಬೇಕು ಅನ್ನೋ ಯೋಚನೆ ಮಾಡದೇ ಎಲ್ಲ ಹಾಡನ್ನೂ ಎಲ್ಲ ಕಡೆ ಹಾಡ್ತಾ ಬಂದ್ವಿ. ಆದ್ರೆ 1963ರಲ್ಲಿ ನ್ಯೂಯಾರ್ಕಲ್ಲಿ ಸ್ವೀಟ್ ಚಾರಿಯಟ್ ಅಂತ ಗಾಸ್ಪೆಲ್ಲಿಗೇ ಅಂತ ಒಂದು ನೈಟ್ ಕ್ಲಬ್ ಶುರುವಾಯ್ತು, ಅಲ್ಲಿ ಡ್ರಿಂಕ್ಸ್ ತಂದ್ಕೊಡೋ ಹುಡುಗೀರಿಗೆ ದೇವದೂತರ ರೆಕ್ಕೆ ಕಟ್ಟಿಸಿದ್ರಂತೆ. ಅದನ್ನ ಓದಿದಾಗ ನಮಗೆಲ್ಲ ಕಸಿವಿಸಿ ಆಯ್ತು. ಅಲ್ಲಿನ ಕಪ್ಪು ಜನ ಗುಲಾಮಗಿರಿ, ಬಡತನ, ಸಾವು ಎಲ್ಲ ದಾಟ್ಕೊಂಡು ಬರೋಕೆ ಇಟ್ಕೊಂಡಿದ್ದ ಹಾಡನ್ನ ಪಾರ್ಟಿ ಥೀಮ್ ಮಾಡೋದು ಅಂದ್ರೆ ಹೆಂಗೆ?

ಒಂದು ಹಾಡಿನ ಕಥೆ ಹೇಳ್ತೀವಿ. ನೀವು ನಮ್ಮ ಹತ್ರ ಜಾಸ್ತಿ ಕೇಳೋ ‘ಪ್ರೆಶಸ್ ಲಾರ್ಡ್’. 1932ರಲ್ಲಿ ಡಾರ್ಸಿ ಅವರು ಸೇಂಟ್ ಲೂಯಿಸ್‌ಗೆ ಹೋಗಿದ್ದಾಗ ಷಿಕಾಗೋದಲ್ಲಿ ಅವರ ಹೆಂಡ್ತಿ ಹೆರಿಗೇಲಿ ತೀರ್ಕೊಂಡ್ರು, ಹುಟ್ಟಿದ ಮಗೂನೂ ಉಳೀಲಿಲ್ಲ. ಆ ದುಃಖದಲ್ಲಿ ಬಂದ ಹಾಡು ಅದು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಅಂತ್ಯಕ್ರಿಯೆಯಲ್ಲಿ ಮಹಾಲಿಯಾ ಹಾಡಿದ್ದೂ ಅದನ್ನೇ. ಈಗ ಅದನ್ನ ಟಿಶ್ಯೂ ಪೇಪರ್ ಮೇಲೆ ಹೆಸರು ಬರೆದು ‘ಸ್ವಲ್ಪ ಫಾಸ್ಟಾಗಿ ಹಾಡಿ’ ಅಂತ ಸ್ಟೇಜಿಗೆ ಕಳಿಸ್ತಾರೆ, ಹಿಂದೆ ಟಿವೀಲಿ ಕ್ರಿಕೆಟ್ ಓಡ್ತಿರುತ್ತೆ, ವಿಕೆಟ್ ಬಿದ್ದಾಗ ಕಿರುಚಾಟ. ಕೇಳೋರನ್ನ ದೂರ್ತಿಲ್ಲ, ವಾರವಿಡೀ ದುಡಿದು ಕುಣಿಯೋಕೆ ಬಂದಿರ್ತಾರೆ, ಕುಣೀಲೇಬೇಕು, ಕುಣಿಸೋ ಹಾಡು ನಮ್ಮ ಹತ್ರ ಬೇಕಾದಷ್ಟಿದೆ. ಈ ಹಾಡಿಗೆ ಆ ಹೊತ್ತಲ್ಲ, ಅಷ್ಟೇ.

ಸೌಂಡಿನ ವಿಷಯಾನೂ ಇದೆ. ಕರೆಂಟಲ್ಲಿ ನಡೆಯೋ ಹ್ಯಾಮಂಡ್ ಆರ್ಗನ್ ಬಂದಿದ್ದು 1935ರಲ್ಲಿ, ಪೈಪ್ ಆರ್ಗನ್ ಕೊಳ್ಳೋಕೆ ಆಗದೇ ಇರೋ ಚರ್ಚುಗಳು ಅದನ್ನ ತಗೊಂಡ್ವು, ಅಲ್ಲಿಂದ ಅದು ಜಾಝ್ ಕ್ಲಬ್ಬುಗಳಿಗೂ ಹೋಯ್ತು. ಅದರ ಬಿ-3 ಅನ್ನೋ ಅಸಲಿ ಮಾಡೆಲ್ ಬೆಂಚು ಪೆಡಲ್ ಎಲ್ಲ ಸೇರಿ 190 ಕೆಜಿ ಹತ್ರ ತೂಗುತ್ತೆ, ಅದನ್ನ ಎತ್ಕೊಂಡು ಪಬ್ಬಿನ ಮೆಟ್ಲು ಹತ್ತೋಕಾಗಲ್ಲ, ಹಾಗಾಗಿ ನಮ್ಮದು ಅದೇ ಸೌಂಡ್ ಕೊಡೋ ಡಿಜಿಟಲ್ ಕೀಬೋರ್ಡು, ಜೊತೆಗೆ ತಿರುಗೋ ಲೆಸ್ಲಿ ಸ್ಪೀಕರ್. ಆ ಸ್ಪೀಕರ್ ಪೆಟ್ಟಿಗೆ ಒಳಗೆ ಮೇಲೊಂದು ಹಾರ್ನು, ಕೆಳಗೊಂದು ಡ್ರಮ್ಮು ಸುತ್ತುತ್ತಿರುತ್ತೆ. ಸ್ವಿಚ್ ಒತ್ತಿದ ತಕ್ಷಣ ಹಾರ್ನ್ ಸ್ಪೀಡ್ ಹಿಡಿಯುತ್ತೆ, ಭಾರ ಇರೋ ಡ್ರಮ್ಮು ನಿಧಾನಕ್ಕೆ ಅದರ ಹಿಂದೆ ಬರುತ್ತೆ, ಆ ಕೆಲವು ಸೆಕೆಂಡಲ್ಲಿ ಒಂದೇ ಸ್ವರ ಮೆಲ್ಲಗೆ ನಡುಗೋಕೆ ಶುರುವಾಗಿ ತುಂಬ್ಕೊಂಡು ಬರುತ್ತಲ್ಲ, ಪ್ರಾರ್ಥನೆ ಹಾಡಿನ ಜೀವ ಇರೋದೇ ಅಲ್ಲಿ. ತುಂಬಿದ ಪಬ್ಬಲ್ಲಿ ಅದು ಯಾರಿಗೂ ಕೇಳಲ್ಲ, ನುಡಿಸ್ತಿರೋ ನಮಗೇ ಕೇಳಲ್ಲ.

ಟೈಮ್ ಬೇರೆ ಇಲ್ಲ. ಓಪನ್ ಜಾಗ, ರೂಫ್‌ಟಾಪ್ ಆದ್ರೆ ರಾತ್ರಿ 10ಕ್ಕೆ ಸ್ಪೀಕರ್ ಆಫ್ ಮಾಡ್ಲೇಬೇಕು. ಜನ ಸೇರೋದೇ ಎಂಟೂವರೆಗೆ, ಇರೋ ಒಂದೂವರೆ ಗಂಟೇಲಿ ನಿಧಾನದ ಹಾಡು ಯಾವುದೋ ಮೂಲೇಲಿ ತುರುಕಿದ ಹಂಗಾಗ್ತಿತ್ತು. ಅದಕ್ಕೆ ಇನ್ಮುಂದೆ ಪಬ್ಬಲ್ಲಿ ನಮ್ಮ ಸೆಟ್ ಬ್ರೇಕ್ ಇಲ್ಲದೇ ಒಂದೇ ಸಲಕ್ಕೆ, 8:15ರಿಂದ 9:45.

ಪಬ್ ರೇಟ್ ಬದಲಾಗಲ್ಲ. ಈಗಾಗ್ಲೇ ಅಡ್ವಾನ್ಸ್ ಕೊಟ್ಟಿರೋರಿಗೆ ಹಳೇ ಲಿಸ್ಟೇ ಬೇಕು ಅಂದ್ರೆ ಆ ಶೋ ಹಳೇ ಥರಾನೇ ಮಾಡ್ಕೊಡ್ತೀವಿ, ಬೇಡ ಅಂದ್ರೆ ಅಡ್ವಾನ್ಸ್ ಪೂರ್ತಿ ವಾಪಸ್, ಏನೂ ಕಟ್ ಮಾಡ್ಕೊಳ್ಳಲ್ಲ. ಮದುವೆ ರಿಸೆಪ್ಶನ್ ಬುಕಿಂಗಿಗೆ ಈ ಬದಲಾವಣೆ ಅನ್ವಯ ಆಗಲ್ಲ, ಅಲ್ಲಿ ಮನೆಯವರು ಏನು ಕೇಳ್ತಾರೋ ಅದು.

ಭಾನುವಾರದ ಹಾಲ್ ಶೋ ಸಂಜೆ 5ರಿಂದ 7. ಟಿಕೆಟ್ 300 ರೂಪಾಯಿ, ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಫ್ರೀ, ಕಾಫಿ ಬಿಸ್ಕೆಟ್ ಇರುತ್ತೆ, ಡ್ರಿಂಕ್ಸ್ ಇರಲ್ಲ. ಪಬ್ಬಿಗೆ ಬರೋಕಾಗದ ಅಪ್ಪ ಅಮ್ಮನ್ನ, ಅಜ್ಜಿ ತಾತನ್ನ ಕರ್ಕೊಂಡು ಬನ್ನಿ. ಯಾವ ಧರ್ಮದೋರಾದ್ರೂ ಬನ್ನಿ, ಇದು ಆರಾಧನೆ ಅಲ್ಲ, ಸಂಗೀತ ಕೇಳೋ ಸಂಜೆ. ಕನ್ನಡ ಕ್ರೈಸ್ತ ಕೀರ್ತನೆಗಳನ್ನೂ ಆರ್ಗನ್ ಜೊತೆ ಕೂರಿಸ್ತಿದೀವಿ, ಮನೇಲಿ ಹಿರಿಯರು ಹಾಡ್ತಿದ್ದ ಹಳೇ ಕೀರ್ತನೆ, ಈಗಿನ ಪುಸ್ತಕದಲ್ಲಿ ಸಿಗದೇ ಇರೋದು ಯಾವುದಾದ್ರೂ ನೆನಪಿದ್ರೆ ಒಂದು ಸಾಲು ಹಾಡಿ ವಾಯ್ಸ್ ಮೆಸೇಜ್ ಕಳಿಸಿ, ಬುಕಿಂಗಿಗೆ ಬಳಸೋ ಹಳೇ ನಂಬರಿಗೇ.

ಇಂತಿ ನಿಮ್ಮ
ಬ್ಯಾಂಡಿನ ಐದೂ ಜನ